ತೊಂಬತ್ತೆರಡು ಶೇಕಡಾ

ನಂದಿಬೆಟ್ಟದ ಮೇಲಿಂದ ನೋಡಿದರೆ ಕೆಳಗಿನ ಕೆರೆಗಳೆಲ್ಲ ಒಂದೇ ಥರ ಹೊಳೆಯುತ್ತವೆ. ತುಂಬಿದೆಯೋ, ಅರ್ಧವೋ, ಅಷ್ಟು ತಿಳಿಯುತ್ತದೆ. ಅಡಿಯಲ್ಲಿ ಹೂಳೆಷ್ಟು, ನೀರು ಮಳೆಯದೋ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಸಂಸ್ಕರಿಸಿ ಕಳಿಸಿದ್ದೋ, ಅಲ್ಲಿಂದ ಕಾಣುವುದಿಲ್ಲ.

ಯೂನಿಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಗ ನಾನು ದಿನವೂ ಹೀಗೇ ಬೆಟ್ಟದ ಮೇಲಿಂದ ನೋಡುತ್ತಿದ್ದೆ. ಹತ್ತು ಸಾಲಿನ ಶೆಲ್ ಸ್ಕ್ರಿಪ್ಟ್, ಅಷ್ಟೆ. ‘ಡಿಎಫ್’ ಪ್ರತಿ ವಾಲ್ಯೂಮಿನ ಲೆಕ್ಕ ಕೊಡುತ್ತದೆ, ‘ಆಕ್’ ಅದರಲ್ಲಿ ಶೇಕಡಾ ಅಂಕಣವನ್ನು ಆರಿಸುತ್ತದೆ, 90 ದಾಟಿದವು ಪಟ್ಟಿಗೆ ಸೇರುತ್ತವೆ. ಬೆಳಿಗ್ಗೆ 6ಕ್ಕೆ ‘ಕ್ರಾನ್’ ಅದನ್ನು ನಡೆಸಿ ಎಲ್ಲರಿಗೂ ಮೇಲ್ ಕಳಿಸುತ್ತದೆ.

ಅಂಕಿ ಸುಳ್ಳಲ್ಲ. ಆದರೆ ‘ತುಂಬಿದೆ’ ಎಂಬುದು ಅಷ್ಟು ಸರಳವೂ ಅಲ್ಲ. ಒಮ್ಮೆ ಡಿಎಫ್ 98 ಎಂದಿತು. ‘ಡಿಯು’ ಕಡತಗಳನ್ನು ಒಂದೊಂದಾಗಿ ಕೂಡಿಸಿದರೆ ಅರ್ಧವೂ ಆಗಲಿಲ್ಲ. ಯಾರೋ ದೊಡ್ಡ ಲಾಗ್ ಕಡತವನ್ನು ಅಳಿಸಿದ್ದರು, ಅದಕ್ಕೆ ಬರೆಯುತ್ತಿದ್ದ ಪ್ರೋಗ್ರಾಂ ಮಾತ್ರ ಇನ್ನೂ ಹಿಡಿದುಕೊಂಡೇ ಇತ್ತು. ಹೆಸರು ಹೋಗಿತ್ತು, ಜಾಗ ಬಿಟ್ಟಿರಲಿಲ್ಲ. (ನಮ್ಮ ಕಡೆ ಪಹಣಿಯಲ್ಲಿ ಇದು ತಿರುಗುಮುರುಗು: ಮನುಷ್ಯ ಹೋಗಿರುತ್ತಾನೆ, ಹೆಸರು ಬಿಟ್ಟಿರುವುದಿಲ್ಲ.) ಇನ್ನು ಕೆಲವೊಮ್ಮೆ ಜಾಗ ಬೇಕಾದಷ್ಟಿದ್ದು ಐನೋಡ್‌ಗಳು ಮುಗಿದಿರುತ್ತವೆ, ಖಾಲಿ ಡಿಸ್ಕಿನಲ್ಲೂ ಒಂದು ಹೊಸ ಕಡತ ಹುಟ್ಟುವುದಿಲ್ಲ. ನಿಜ ಹೇಳುವ ವರದಿ ಯಾವ ಪ್ರಶ್ನೆಗೆ ನಿಜ ಹೇಳುತ್ತಿದೆ ಎಂದು ಕೇಳಬೇಕೆಂದು ನನಗೆ ಹೊಳೆದದ್ದು ತಡವಾಗಿ.

ಒಂದು ವಾಲ್ಯೂಮ್ 92ರಲ್ಲೇ ನಿಂತುಬಿಟ್ಟಿತ್ತು. ಒಂದು ವರ್ಷದಿಂದ ಯಾರೂ ತೆರೆಯದ ಕಡತಗಳ ಪಟ್ಟಿ ಮಾಡು, ಎಲ್ಲರಿಗೂ ತಿಳಿಸು, ತಿಂಗಳು ಬಿಟ್ಟು ಅಳಿಸು ಎಂದರು. ಸ್ಕ್ರಿಪ್ಟಿಗೆ ನಾಲ್ಕು ಸಾಲು ಸೇರಿಸಿದೆ. ಯಾರೂ ಉತ್ತರಿಸಲಿಲ್ಲ. ತಿಂಗಳಾಯಿತು, ಅಳಿಸಿದೆ. ಅಂಕಿ 61ಕ್ಕೆ ಇಳಿಯಿತು. ಖುಷಿಯೂ ಆಯಿತು.

ಗೌರಿಬಿದನೂರಿನ ಭೂಕಂಪ ಮಾಪನ ಕೇಂದ್ರ 1965ರಿಂದ ನೆಲದ ನಡುಕ ಕೇಳುತ್ತಿದೆ. ಅದೇ ಊರಿನ ಹತ್ತಿರ 1976ರಿಂದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳ ರೇಡಿಯೋ ದೂರದರ್ಶಕ ಆಕಾಶ ಕೇಳುತ್ತಿದೆ. ಅಲ್ಲಿ ದಾಖಲಾದ ಒಂದು ದಿನದ ಕಂಪನವನ್ನು ವರ್ಷವಿಡೀ ಯಾರೂ ತೆರೆಯದೆ ಇರಬಹುದು; ಆದರೆ ಆ ದಿನ ಮತ್ತೆ ಬರುವುದಿಲ್ಲ. ನನ್ನ ನಾಲ್ಕು ಸಾಲಿಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ. ನಾನು ಅಳಿಸಿದ್ದರಲ್ಲಿ ಒಬ್ಬರು ಆರು ಮಳೆಗಾಲ ಕೊಳವೆಬಾವಿಗಳ ನೀರಿನ ಮಟ್ಟ ಅಳೆದು ಬರೆದಿಟ್ಟದ್ದೂ ಇತ್ತು. ಬ್ಯಾಕಪ್ ಟೇಪು ಅಷ್ಟರಲ್ಲಿ ಮರುಬಳಕೆಯಾಗಿತ್ತು.

ಅವರು ಬಂದು, “ಒಂದು ಮಾತು ಹೇಳಬಾರದಿತ್ತಾ ಸಾರ್?” ಎಂದರು. ನಾನು ಮೇಲ್ ತೆರೆದು ತಾರೀಖು ತೋರಿಸಿದೆ. ಅವರು ನೋಡಿದರು, ಜಗಳವಾಡಲಿಲ್ಲ.

ನಾನು ಹೇಳಿದ್ದೆ, ದಾಖಲೆಯಿದೆ. ಆದರೆ ಬಹಳ ದಿನಗಳಿಂದ ಬೆಳಗಾದರೆ ಬರುತ್ತಿದ್ದ ಆ ಮೇಲನ್ನು ಯಾರೂ ಓದುತ್ತಿಲ್ಲ ಎಂಬುದೂ ನನಗೆ ಗೊತ್ತಿತ್ತು. ಹಾಗಾದರೆ ಅದನ್ನು ಯಾರಿಗಾಗಿ ಕಳಿಸುತ್ತಿದ್ದೆ? ಓದುವವರಿಗಾಗಿ ಅಲ್ಲ, ಮುಂದೆ ಇಂಥದ್ದೊಂದು ದಿನ ತೋರಿಸಲಿಕ್ಕೆ. ಬರೆಯುವಾಗ ಹಾಗೆ ಅಂದುಕೊಂಡಿರಲಿಲ್ಲ ಎಂದು ಪ್ರಮಾಣ ಮಾಡಬಲ್ಲೆ, ಆದರೆ ಕೆಲಸಕ್ಕೆ ಬಂದದ್ದು ಅದಕ್ಕೇ.

ಅಳಿಸುವ ಸಾಲನ್ನು ಅಂದೇ ತೆಗೆದೆ. ಪಟ್ಟಿಯಲ್ಲಿ ಕಡತದ ಮುಂದೆ ಅದರ ಒಡೆಯರ ಹೆಸರು ಬರುವಂತೆ ಮಾಡಿದೆ. ವಾಲ್ಯೂಮ್ ಮತ್ತೆ 92 ಮುಟ್ಟಿದಾಗ ಆ ಕಾಗದವನ್ನು ಹಿಡಿದುಕೊಂಡು ಎರಡನೇ ಮಹಡಿಗೆ ಹೋದೆ. ಮೊದಲ ಹೆಸರು ಅವರದೇ.