ನೆನಪಿನ ಋಣ

1941ರ ಡಿಸೆಂಬರ್ 7, ಭಾನುವಾರದ ಬೆಳಗು. ಹವಾಯಿಯ ಪರ್ಲ್ ಹಾರ್ಬರ್ ಬಂದರಿನ ಮೇಲೆ ಜಪಾನಿನ ವಿಮಾನಗಳು ಎರಗಿದಾಗ ಯುದ್ಧ ಇನ್ನೂ ಘೋಷಣೆಯಾಗಿರಲಿಲ್ಲ. 2,400ಕ್ಕೂ ಹೆಚ್ಚು ಅಮೆರಿಕನ್ನರು ಮಡಿದರು. 'ಅರಿಜೋನಾ' ಎಂಬ ಒಂದೇ ಯುದ್ಧನೌಕೆಯಲ್ಲಿ 1,177 ಮಂದಿ. ಅದರಲ್ಲಿ ಬದುಕುಳಿದವರ ಪೈಕಿ ಹಲವರು, ತಮ್ಮ ಚಿತಾಭಸ್ಮವೂ ಆ ಮುಳುಗಿದ ನೌಕೆಯನ್ನೇ ಸೇರಲಿ ಎಂದು ಬಯಸಿದರು, ಅಂತೆಯೇ ಸೇರಿತು. ಆ ನೌಕೆಯಲ್ಲಿ ಬದುಕುಳಿದವರಲ್ಲಿ ಕೊನೆಯವರೂ 2024ರಲ್ಲಿ ತೀರಿಕೊಂಡರು.

ಸಾಕ್ಷಿಗಳಿಲ್ಲದ ಮೇಲೆ ನೆನಪು ಉಳಿದವರ ಹೊಣೆ. ಆದರೆ ನಾವು ನೆನೆಯಬೇಕಾದುದು ಗಾಯವನ್ನೋ, ಸೇವೆಯನ್ನೋ? ಗಾಯವನ್ನಷ್ಟೇ ನೆನೆದ ಆ ದೇಶ ಮರುವರ್ಷವೇ ಸುಮಾರು 1,20,000 ಜಪಾನಿ ಮೂಲದವರನ್ನು, ಬಹುಪಾಲು ತನ್ನದೇ ಪ್ರಜೆಗಳನ್ನು, ಮುಳ್ಳುತಂತಿಯ ಶಿಬಿರಗಳಿಗೆ ಅಟ್ಟಿತು. ಆ ಶಿಬಿರಗಳಿಂದಲೂ ತರುಣರು ಸೇನೆ ಸೇರಿದರು. 442ನೆಯ ರೆಜಿಮೆಂಟಿನಲ್ಲಿ ಇಟಲಿ, ಫ್ರಾನ್ಸ್‌ಗಳ ನೆಲದಲ್ಲಿ ಅದೇ ದೇಶಕ್ಕಾಗಿ ಕಾದಿದರು. ದೇಶ ಕ್ಷಮೆ ಕೋರಿದ್ದು 1988ರಲ್ಲಿ.

ಬೇರೆ ನುಡಿಯವರ ನಡುವೆ ತಲೆಮಾರುಗಳಿಂದ ಬಾಳಿದ ಗಡಿಯ ಕನ್ನಡಿಗರಾದ ನಮಗೆ ಈ ಕಥೆ ದೂರದ್ದಲ್ಲ. ಮನೆಮಾತು ನಿಷ್ಠೆಯ ಅಳತೆಗೋಲಲ್ಲವೆಂಬುದನ್ನು ನಾವು ಬಲ್ಲೆವು. ಸೇವೆ ಸಲ್ಲಿಸಿದ ಆ ತಲೆಮಾರಿನ ಋಣ ಹಗೆಯನ್ನು ಕಾಪಿಡುವುದರಿಂದ ತೀರದು. ನೆರೆಯವನನ್ನು ಸಂಶಯಿಸದ ಬಾಳಿನಿಂದ ಕೊಂಚವಾದರೂ ತೀರೀತು.