ಕೊಲ್ಲದೆ ಎಲುಬು ನೋಡುವುದು

ಕಾಡುಪ್ರಾಣಿಯ ಅಸ್ಥಿಪಂಜರವನ್ನು ಅರಿಯಲು ಹಿಂದೆ ಇದ್ದ ದಾರಿ ಹೆಚ್ಚಾಗಿ ಎರಡೇ: ಸತ್ತದ್ದನ್ನು ಹುಡುಕಬೇಕು, ಇಲ್ಲವೇ ಕೊಲ್ಲಬೇಕು. 1895ರಲ್ಲಿ ರಾಂಟ್‌ಜನ್ ಎಕ್ಸ್-ರೇ ಕಂಡುಹಿಡಿದ ಮೇಲೆ ಉಸಿರಾಡುವ ಪ್ರಾಣಿಯ ಎಲುಬೂ ಕಣ್ಣಿಗೆ ಸಿಕ್ಕಿತು. ಕಾಂಗರೂವಿನಂಥ ಹೊಟ್ಟೆಚೀಲದ ಪ್ರಾಣಿಗಳಲ್ಲಿ ಸೊಂಟದಿಂದ ಮುಂದಕ್ಕೆ ಚಾಚಿದ ಜೋಡಿ ಎಲುಬುಗಳು ಚಿತ್ರದಲ್ಲಿ ಕಾಣುತ್ತವೆ. ಚೀಲಕ್ಕೆ ಆಸರೆಯಾಗಲೆಂದೇ ಅವು ಇವೆ ಎಂಬ ಹಳೆಯ ವಿವರಣೆ ಸಾಲದು. ಚೀಲವಿಲ್ಲದ ಗಂಡುಗಳಲ್ಲೂ ಅವು ಇವೆ. ಇಷ್ಟನ್ನು ತಿಳಿಯಲು ಈಗ ಜೀವ ತೆಗೆಯಬೇಕಿಲ್ಲ. ಹಾಗಾದರೆ ಹಿಂಸೆಯ ಪ್ರಶ್ನೆಯೂ ಮುಗಿಯಿತೇ?

ಭಾರತದ ಕಾಡುಗಳಲ್ಲಿ ಹೊಟ್ಟೆಚೀಲದ ಪ್ರಾಣಿಗಳಿಲ್ಲ. ಮಂಗಳೂರಿನಲ್ಲಿ ಈ ಪ್ರಶ್ನೆ ಎದುರಾಗುವುದು ನಾಗರಹಾವಿನ ಮೂಲಕ. 2023ರಲ್ಲಿ ಬಂಟ್ವಾಳ ತಾಲ್ಲೂಕಿನ ಕಾವಳಪಡೂರಿನಲ್ಲಿ ಗಾಯಗೊಂಡು ಸಿಕ್ಕ ನಾಗರಹಾವನ್ನು ಮಂಗಳೂರಿನಲ್ಲಿ ಎಕ್ಸ್-ರೇ ಮಾಡಿ ನೋಡಿದರೆ ಹೊಟ್ಟೆಯೊಳಗೆ ಪ್ಲಾಸ್ಟಿಕ್ ಡಬ್ಬಿ! ಅರಿವಳಿಕೆ ಕೊಟ್ಟು ಅದನ್ನು ಹೊರತೆಗೆದರು. ಚೇತರಿಸಿಕೊಂಡ ಹಾವನ್ನು ಕಾಡಿಗೆ ಬಿಟ್ಟರು. ಸತ್ತ ನಾಗ ಕಣ್ಣಿಗೆ ಬಿದ್ದರೆ ಮನುಷ್ಯರಿಗೆ ಮಾಡುವಂತೆ ದಹನಸಂಸ್ಕಾರ ಮಾಡುವ ನಾಡು ಇದು. ನಗರದಂಚಿನ ಕುಡುಪು ಕ್ಷೇತ್ರಕ್ಕೆ ಜನ ಬರುವುದೇ ನಾಗನ ಸೇವೆಗೆ. ಇಂಥ ಕಡೆ ನಾಗನ ಎಲುಬನ್ನು ಬಿಡಿಸಿ ಜೋಡಿಸಿಡುವುದು ಅನೇಕರಿಗೆ ಒಪ್ಪದ ಮಾತು. ಎಕ್ಸ್-ರೇಗೆ ಆ ತೊಡಕಿಲ್ಲ. ನೋಡಿದ ಮೇಲೂ ನಾಗ ನಾಗನಾಗಿಯೇ ಹರಿದುಹೋಗುತ್ತದೆ.

ಆದರೆ ಮೂಡುಬಿದಿರೆಯ ಜೈನ ಬಸದಿಗಳ ಪರಂಪರೆ ಇಷ್ಟಕ್ಕೆ ಸಮಾಧಾನಪಡುವುದಿಲ್ಲ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಪ್ರಕಾರ ಪ್ರಮಾದದಿಂದ ಪ್ರಾಣಕ್ಕೆ ಕೇಡು ತರುವುದು ಹಿಂಸೆ. ಜೈನರ ಎಣಿಕೆಯಲ್ಲಿ ಪ್ರಾಣ ಎಂದರೆ ಬರೀ ಉಸಿರಲ್ಲ. ಐದು ಇಂದ್ರಿಯ, ಮನಸ್ಸು-ಮಾತು-ಕಾಯಗಳ ಬಲ, ಉಸಿರಾಟ, ಆಯುಸ್ಸು, ಒಟ್ಟು ಹತ್ತು. ಈ ಲೆಕ್ಕದಲ್ಲಿ ಬಲೆಗೆ ಕೆಡವುವುದು, ಅರಿವಳಿಕೆಯಿಂದ ಇಂದ್ರಿಯಗಳನ್ನು ಮಂಕುಮಾಡುವುದು ಕೂಡ ಪ್ರಾಣವನ್ನು ಮುಟ್ಟಿದಂತೆಯೇ. ಜೀವ ಉಳಿಯಿತು ಎಂಬ ಒಂದೇ ಕಾರಣಕ್ಕೆ ಲೆಕ್ಕ ಚುಕ್ತಾ ಆಗದು.

ಇಲ್ಲಿ ತೂಗಬೇಕಾದದ್ದು ಯಂತ್ರವನ್ನಲ್ಲ, ಅಗತ್ಯ ಯಾರದು ಎಂಬುದನ್ನು. ಕಾವಳಪಡೂರಿನ ಹಾವಿಗೆ ಆ ಚಿತ್ರ ಬೇಕೇ ಬೇಕಿತ್ತು. ಆರೋಗ್ಯವಾಗಿರುವ ಪ್ರಾಣಿಯನ್ನು ಎಲುಬಿನ ಅಳತೆಗೆಂದೇ ಹಿಡಿದರೆ ಭಯ ಅದರದು, ಲಾಭ ಅಧ್ಯಯನಕಾರನದು. ಇಂಥಲ್ಲಿ ಅಧ್ಯಯನಕಾರನೇ ಕಾರಣ ಒಪ್ಪಿಸಬೇಕು. ಆಸ್ಟ್ರೇಲಿಯಾದ ವನ್ಯಜೀವಿ ಆಸ್ಪತ್ರೆಗಳಲ್ಲಿ ವಾಹನ ಬಡಿದು ಗಾಯಗೊಂಡ ಕೋಲಾ, ಕಾಂಗರೂಗಳಿಗೆ ಚಿಕಿತ್ಸೆಗಾಗಿಯೇ ಎಕ್ಸ್-ರೇ ತೆಗೆಯುತ್ತಾರೆ. ಅಸ್ಥಿರಚನೆಯ ಎಷ್ಟೋ ಪ್ರಶ್ನೆಗಳಿಗೆ ಆ ಚಿತ್ರಗಳೇ ಸಾಕು. ಅವು ಸಾಲದ ಕಡೆ ಮಾತ್ರ ಹೊಸದಾಗಿ ಪ್ರಾಣಿ ಹಿಡಿಯುವ ಮಾತು ಬರಬೇಕು.