ತಿಳಿಯದೇ ಇರುವ ಹಕ್ಕು

“ಬರೋದಿದ್ರೆ ಬರ್ತದೆ ಮಾರಾಯ, ಮೊದಲೇ ತಿಳ್ಕೊಂಡು ಏನ್ ಮಾಡೂದು?” ಅಂಕೋಲೆ, ಕಾರವಾರದ ಕಡೆ ಕ್ಯಾನ್ಸರ್ ವಿಷಯ ಬಂದರೆ ಗಂಡಸರಿಂದ ಈ ಮಾತು ಕೇಳದೇ ಇರೋದು ಅಪರೂಪ. ಕೇಳೋಕೆ ಧೈರ್ಯದ ಮಾತು, ಸ್ವಲ್ಪ ವೇದಾಂತವೂ ಇದೆ. ಆದರೆ ಇದರೊಳಗೆ ಒಂದು ಗಟ್ಟಿ ಪ್ರಶ್ನೆ ಇದೆ. ನನ್ನ ದೇಹದಲ್ಲಿ ಏನಾಗ್ತಿದೆ ಅಂತ ತಿಳಿಯದೇ ಇರುವ ಹಕ್ಕು ನನಗಿದೆಯಾ?

ಇದೆ ಅನ್ನೋರ ವಾದವನ್ನ ಸುಮ್ಮನೆ ತಳ್ಳಿಹಾಕೋಕಾಗಲ್ಲ. ಪ್ರಾಸ್ಟೇಟ್ ಕ್ಯಾನ್ಸರನ್ನೇ ನೋಡಿ. ರಕ್ತದ ಪಿಎಸ್‌ಎ ಪರೀಕ್ಷೆಯಿಂದ ಅದರ ಸುಳಿವು ಬೇಗ ಸಿಗುತ್ತೆ. ಬ್ರಿಟನ್ನಿನಲ್ಲಿ ಹೀಗೆ ಪತ್ತೆಯಾದ, ಇನ್ನೂ ಹರಡಿರದ ಕ್ಯಾನ್ಸರ್ ಇದ್ದ 1,643 ಗಂಡಸರನ್ನ ಸುಮಾರು 15 ವರ್ಷ ಗಮನಿಸಿದರು. ಕೆಲವರಿಗೆ ಆಪರೇಷನ್, ಕೆಲವರಿಗೆ ರೇಡಿಯೇಶನ್, ಇನ್ನು ಕೆಲವರಿಗೆ ಬರೀ ನಿಗಾ. 2023ರಲ್ಲಿ ಬಂದ ಫಲಿತಾಂಶದ ಪ್ರಕಾರ ಮೂರೂ ಗುಂಪಿನಲ್ಲಿ ಆ ಕಾಯಿಲೆಯಿಂದ ಸತ್ತವರು ನೂರಕ್ಕೆ ಸುಮಾರು ಮೂರು ಜನ ಅಷ್ಟೇ. ಆಪರೇಷನ್ ಆದವರಲ್ಲಿ ಎಷ್ಟೋ ಜನಕ್ಕೆ ಮೂತ್ರ ಹಿಡಿದಿಡೋಕಾಗದ ತೊಂದರೆ ಉಳೀತು. ಅಂದ್ರೆ ಬೇಗ ತಿಳಿದಷ್ಟೂ ಒಳ್ಳೇದು ಅನ್ನೋದು ಎಲ್ಲ ಕ್ಯಾನ್ಸರಿಗೂ ಒಂದೇ ಥರ ಹೊಂದಲ್ಲ. ಅಂಥ ಪರೀಕ್ಷೆ ಬೇಡ ಅಂತ ಒಬ್ಬ ಯೋಚಿಸಿ ಹೇಳಿದರೆ ಅದು ಅವನಿಗೆ ಬಿಟ್ಟಿದ್ದು.

ಆದರೆ ನಮ್ಮ ಕಡೆಯ ಗಂಡಸರು ಹೆಚ್ಚು ಹೆದರಬೇಕಾದ್ದು ಬಾಯಿ ಕ್ಯಾನ್ಸರಿಗೆ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣಿಸೋದೇ ಅದು. ಮನೆಗೆ ಬಂದವರ ಮುಂದೆ ಕವಳದ ತಟ್ಟೆ ಇಡದೇ ಇದ್ದರೆ ಮರ್ಯಾದೆ ಅಲ್ಲ ಅನ್ನುವ ಸೀಮೆ ನಮ್ಮದು. ಎಲೆ, ಅಡಿಕೆ, ಸುಣ್ಣ, ಮೇಲೊಂದು ಚೂರು ತಂಬಾಕು. ತಂಬಾಕು ಬಿಟ್ಟರೂ ಅಡಿಕೆಯೊಂದೇ ಸಾಕು ಕ್ಯಾನ್ಸರಿಗೆ ಕಾರಣವಾಗೋಕೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ದುಡ್ಡಲ್ಲಿ ಫೀಸು ಕಟ್ಟಿ ಬಿಇ ಮುಗಿಸಿದ ನನ್ನಂಥವನಿಗೆ ಇದನ್ನ ಬರೆಯೋದು ಸುಲಭ ಅಲ್ಲ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆಯ್ತು. ಈಗ ಪಾನ್ ಮಸಾಲಾ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದರಲ್ಲಿ, ಅಕ್ಕಪಕ್ಕ ನೇತಾಡ್ತಿರುತ್ತವೆ.

ಈ ರೋಗ ಪ್ರಾಸ್ಟೇಟಿನ ಹಾಗಲ್ಲ. ಕಣ್ಣಿಗೆ ಕಾಣುತ್ತೆ. 1996ರಲ್ಲಿ ಕೇರಳದ ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯ್ತು. ಅರ್ಧದಷ್ಟು ಕಡೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆಗೆಸಿ ನೋಡಿದರು. ಸ್ಕ್ಯಾನಿಲ್ಲ, ದೊಡ್ಡ ಮಷಿನ್ನಿಲ್ಲ. 2005ರಲ್ಲಿ ಫಲಿತಾಂಶ ಬಂತು: ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು.

ಹಾಗಾದರೆ ತಿಳಿಯದೇ ಇರುವ ಹಕ್ಕು ಯಾವಾಗ ನಿಲ್ಲುತ್ತೆ? ನನಗನಿಸೋದು ಎರಡು ಷರತ್ತು. ತಿಳಿದರೂ ಏನೂ ಬದಲಾಗಲ್ಲ ಅಂತಿರಬೇಕು. ತಿಳಿಯದೇ ಇದ್ದದ್ದರ ನಷ್ಟ ನನಗೊಬ್ಬನಿಗೇ ಆಗಬೇಕು. ಬಾಯಿ ಕ್ಯಾನ್ಸರಿನಲ್ಲಿ ಮೊದಲನೆಯದು ತಿರುವನಂತಪುರದಲ್ಲೇ ಬಿದ್ದುಹೋಯ್ತು. ಎರಡನೆಯದು ನಮ್ಮೂರಲ್ಲಿ ದಿನಾ ಬೀಳುತ್ತೆ. “ಬರೋದಿದ್ರೆ ಬರ್ತದೆ” ಅಂತ ಹೇಳಿದವನು ಒಬ್ಬ. ಆದರೆ ಅವನನ್ನ ಕರ್ಕೊಂಡು ಘಟ್ಟ ಹತ್ತಿ ಹುಬ್ಬಳ್ಳಿಗೋ, ಕರಾವಳಿ ಹಿಡಿದು ಮಣಿಪಾಲಕ್ಕೋ, ಗೋವೆಗೋ ಓಡಾಡೋದು ಹೆಂಡತಿ. ರಜೆ ಹಾಕೋದು ಮಗ. ಅಡವಿಗೆ ಹೋಗೋದು ಮಗಳಿಗಂತ ಇಟ್ಟಿದ್ದ ಬಂಗಾರ. ಇವರ್ಯಾರನ್ನೂ ಕೇಳದೆ ಅವನು ಇವರೆಲ್ಲರ ಪರವಾಗಿ ತೀರ್ಮಾನ ತಗೊಂಡಿದ್ದಾನೆ. ಅದಕ್ಕೆ ಧೈರ್ಯ ಅನ್ನೋ ಹೆಸರು ಕೊಡೋಕೆ ನನಗೆ ಮನಸ್ಸಿಲ್ಲ.

“ಸಿಕ್ಕ ಮೇಲೆ ಹೋಗೂದೆಲ್ಲಿ?” ಅಂತ ಊರಲ್ಲಿ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಕಾರವಾರದಲ್ಲಿ ಮೆಡಿಕಲ್ ಕಾಲೇಜೇನೋ ಇದೆ, ಆದರೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜಿಲ್ಲೆಯ ಜನ 2019ರಲ್ಲಿ, ಮತ್ತೆ 2022ರಲ್ಲಿ ಕೂಗಿದ್ದು ಎಲ್ಲರಿಗೂ ನೆನಪಿದೆ. ಆ ಹೋರಾಟ ಬಿಡಬಾರದು. ಆದರೆ ಆಸ್ಪತ್ರೆ ದೂರ ಇದ್ದಷ್ಟೂ ಬೇಗ ನೋಡಿಸ್ಕೊಳ್ಳೋದಕ್ಕೆ ಕಾರಣ ಹೆಚ್ಚಾಗುತ್ತೆ, ಕಡಿಮೆ ಅಲ್ಲ. ಸಣ್ಣದರಲ್ಲಿ ಸಿಕ್ಕಿದ್ದು ಎಷ್ಟೋ ಸಲ ಸಣ್ಣ ಆಪರೇಷನ್ನಿಗೇ ಮುಗಿಯುತ್ತೆ. ತಡವಾದರೆ ದವಡೆಯ ಭಾಗವೇ ಹೋಗಬಹುದು, ಆಮೇಲೆ ವಾರಗಟ್ಟಲೆ ರೇಡಿಯೇಶನ್, ಪರ ಊರಲ್ಲಿ ರೂಮು.

ನಮ್ಮ ಆಫೀಸುಗಳ ವಾರ್ಷಿಕ ಚೆಕಪ್ಪಿನಲ್ಲಿ ಕೊಲೆಸ್ಟ್ರಾಲ್ ಇರುತ್ತೆ, ಕೆಲವು ಪ್ಯಾಕೇಜಲ್ಲಿ ಮೂವತ್ತರ ಹುಡುಗರಿಗೂ ಪಿಎಸ್‌ಎ ಇರುತ್ತೆ. ಬಾಯಿ ತೆಗಿ ಅಂತ ಮಾತ್ರ ನನಗೆ ಇದುವರೆಗೆ ಯಾರೂ ಹೇಳಿಲ್ಲ. ರಿಲೀಸಿನ ರಾತ್ರಿ ಚೀಟು ಹರಿಯೋ ಗೆಳೆಯರು ನಮ್ಮ ಟೀಮಿನಲ್ಲೂ ಇದ್ದಾರೆ. ನೋಡಬೇಕಾದ್ದು ಇಷ್ಟೇ: ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಗಂಟು, ಮೂರು ಬೆರಳು ಒಳಗೆ ಹೋಗದಷ್ಟು ಬಿಗಿಯಾದ ಬಾಯಿ. ಇವುಗಳಲ್ಲಿ ಎಷ್ಟೋ ಕ್ಯಾನ್ಸರ್ ಆಗಿರಲ್ಲ, ಆದರೆ ಡಾಕ್ಟರೋ ದಂತವೈದ್ಯರೋ ನೋಡಿ ಹೇಳಬೇಕು. 30 ದಾಟಿದವರ ಬಾಯಿ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲೇ ಆಗಬೇಕು ಅಂತ ರಾಷ್ಟ್ರೀಯ ಕಾರ್ಯಕ್ರಮವೂ ಇದೆ. ಕೇಳಿ ಮಾಡಿಸ್ಕೊಳ್ಳಿ.

ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನಿಗೆ, ಚಿಕ್ಕಪ್ಪನಿಗೆ ಕವಳ ಬಿಡು ಅಂತ ಉಪದೇಶ ಮಾಡಿದರೆ ಜಗಳವೇ ಆದೀತು. “ಅಪ್ಪಾ, ಒಂಚೂರು ಬಾಯಿ ತೆಗಿ, ನೋಡ್ತೆ” ಅಂತ ಮೊಬೈಲ್ ಟಾರ್ಚ್ ಹಿಡಿದರೆ ಬೈಕೊಂಡಾದರೂ ತೆಗೀತಾರೆ. ಅದಕ್ಕೂ ಮೊದಲು ಕನ್ನಡಿ ಮುಂದೆ ನಿಂತು ನಮ್ಮದನ್ನ ನೋಡ್ಕೊಳ್ಳೋಣ.